ಗ್ರಂಥಾಲಯಗಳನ್ನು ಬೆಸೆದ ಗಣಿತ ಶಿಕ್ಷಕ: ಡಾ. ಎಸ್. ಆರ್. ರಂಗನಾಥನ್



ನಿಮ್ಮ ಶಾಲೆಯ ಪುಸ್ತಕದ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ? ಆ ಕಪಾಟು ವರ್ಷಕ್ಕೆ ಎಷ್ಟು ಸಲ ತೆರೆಯುತ್ತದೆ? ಈ ಪ್ರಶ್ನೆ ಮೊದಲು ನನಗೇ ಅನ್ವಯಿಸುತ್ತದೆ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯದಿಂದ ನಾನೂ ಎರಡು ವರ್ಷ ಕಪಾಟಿಗೆ ಬೀಗ ಹಾಕಿಟ್ಟವನೇ. ಆ ಭಯವನ್ನು ಬಿಡಿಸಿದ್ದು ಒಬ್ಬ ಮಹನೀಯರ ಜೀವನ ಚರಿತ್ರೆ. ಅವರೇ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ. ಎಸ್. ಆರ್. ರಂಗನಾಥನ್.

ರಂಗನಾಥನ್‌ರು 1892ರ ಆಗಸ್ಟ್‌ನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಮಾತನಾಡುವಾಗ ತೊದಲುತ್ತಿದ್ದರು. ಆದರೂ ಛಲ ಬಿಡದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿ, ಶಿಕ್ಷಕ ತರಬೇತಿ ಪಡೆದು, 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಬೋಧನೆ ಆರಂಭಿಸಿದರು.

1924ರಲ್ಲಿ ಅವರು ಮದರಾಸು ವಿಶ್ವವಿದ್ಯಾಲಯದ ಪ್ರಥಮ ಗ್ರಂಥಪಾಲಕರಾದರು. ಓದುಗರೇ ಇಲ್ಲದ ಆ ಕೋಣೆ ಅವರಿಗೆ ಬೇಸರ ತಂದಿತು. ಮರಳಿ ತರಗತಿಗೆ ಹೋಗುವ ಮನಸ್ಸಾಯಿತು. ಅಷ್ಟರಲ್ಲಿ ಹೆಚ್ಚಿನ ತರಬೇತಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕೂಲಿಕಾರರು, ಮಹಿಳೆಯರು, ಮಕ್ಕಳು ಎಲ್ಲರೂ ಅಲ್ಲಿ ಓದುತ್ತಿದ್ದರು. ಒಂದು ಊರಿನ ಗ್ರಂಥಾಲಯ ಮತ್ತೊಂದಕ್ಕೆ ನೆರವಾಗುತ್ತಿತ್ತು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ಕಂಡರು. ಕೆಲವೇ ಬಿಡಿಭಾಗಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಹಲವು ವಸ್ತುಗಳನ್ನು ಮಾಡಬಹುದಾದರೆ, ವಿಷಯಗಳನ್ನೂ ಹಾಗೆಯೇ ಜೋಡಿಸಬಾರದೇಕೆ ಎಂದು ಯೋಚಿಸಿದರು. ಇದೇ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ಬೀಜ.

1925ರಲ್ಲಿ ಮರಳಿದವರೇ ಕಪಾಟುಗಳನ್ನು ಓದುಗರಿಗೆ ಮುಕ್ತವಾಗಿ ತೆರೆದಿಟ್ಟರು. ದಿನಕ್ಕೆ 13 ಗಂಟೆ ದುಡಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. ಮರುವರ್ಷವೇ ಗ್ರಂಥಪಾಲಕರ ತರಬೇತಿ ಪ್ರಾರಂಭವಾಯಿತು. 1931ರಲ್ಲಿ ಅವರ ಐದು ಸೂತ್ರಗಳು ಪುಸ್ತಕ ರೂಪದಲ್ಲಿ ಬಂದವು. ಅವುಗಳ ಸಾರ ಸರಳ: ಪುಸ್ತಕ ಇರುವುದು ಬಳಸಲಿಕ್ಕೆ, ಬಚ್ಚಿಡಲಿಕ್ಕೆ ಅಲ್ಲ, ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯ ಸದಾ ಬೆಳೆಯುತ್ತಿರಬೇಕು.

ಆದರೆ ಓದುಗ ಕೇಳಿದ ಪ್ರತಿಯೊಂದು ಪುಸ್ತಕವನ್ನೂ ಯಾವ ಗ್ರಂಥಾಲಯ ತಾನೇ ಕೊಳ್ಳಬಲ್ಲದು? ಉತ್ತರ ಒಂದೇ, ಸಹಕಾರ. ಯಾವ ನಿಯತಕಾಲಿಕೆ ಯಾವ ಗ್ರಂಥಾಲಯದಲ್ಲಿದೆ ಎಂದು ತಿಳಿಸುವ ದಕ್ಷಿಣ ಏಷ್ಯಾದ ಒಕ್ಕೂಟ ಸೂಚಿಯನ್ನು ಅವರು ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದರು. ಅದು 1953ರಲ್ಲಿ ಪ್ರಕಟವಾಯಿತು. ದೊಡ್ಡ ಗ್ರಂಥಾಲಯದ ಸಂಪತ್ತು ಚಿಕ್ಕ ಗ್ರಂಥಾಲಯದ ಓದುಗನಿಗೂ ದೊರೆಯಲು ಇಂಥ ಪಟ್ಟಿಯೇ ಮೊದಲ ಮೆಟ್ಟಿಲು.

ಸಹಕಾರ ಉಳಿಯಬೇಕಾದರೆ ಕಾನೂನಿನ ಬಲವೂ ಬೇಕೆಂದು ಅವರು ಅರಿತಿದ್ದರು. 1930ರಲ್ಲೇ ಬನಾರಸಿನ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಮಾದರಿ ಗ್ರಂಥಾಲಯ ಮಸೂದೆ ಮಂಡಿಸಿದರು. ನಮ್ಮ ನೆರೆಯ ಕೊಲ್ಹಾಪುರ ಸಂಸ್ಥಾನ 1945ರಲ್ಲಿ ಗ್ರಂಥಾಲಯ ಕಾಯ್ದೆ ಮಾಡಿತು. ಆಗ ರಾಯಬಾಗವೂ ಆ ಸಂಸ್ಥಾನಕ್ಕೆ ಸೇರಿತ್ತೆಂಬುದು ನಮಗೆ ಹೆಮ್ಮೆಯ ವಿಷಯ. ರಂಗನಾಥನ್‌ರ ಪ್ರಯತ್ನದಿಂದ 1948ರಲ್ಲಿ ಮದರಾಸು ಕಾಯ್ದೆ ಬಂದಿತು.

ಬನಾರಸ್ ಹಿಂದೂ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ, ಜ್ಯೂರಿಕ್ ಎಂದು ಸುತ್ತಿದ ಅವರು ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲಿ. 1956ರಲ್ಲಿ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ದಾನ ಮಾಡಿದರು. 1957ರಲ್ಲಿ ಪದ್ಮಶ್ರೀ ಬಂದಿತು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿದರು. 1965ರ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಶ್ರಮವಿದೆ. ನಮ್ಮ ಹಿರಿಯರು ಮನೆ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರ ಆ ಕಾಯ್ದೆಯದೇ ಫಲ. ಅಂದರೆ ಸಾರ್ವಜನಿಕ ಗ್ರಂಥಾಲಯದಲ್ಲಿ ನಿಮ್ಮ ಮನೆಯ ಹಣವೂ ಇದೆ, ನಿಮ್ಮ ಹಕ್ಕೂ ಇದೆ! 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಆಗಸ್ಟ್ 12 ಅವರ ನೆನಪಿನಲ್ಲಿ ರಾಷ್ಟ್ರೀಯ ಗ್ರಂಥಪಾಲಕರ ದಿನ.

ಓದುಗ ಬಂಧುಗಳೇ, ಗಡಿಭಾಗದ ನಮ್ಮ ಮಕ್ಕಳು ಉರ್ದು, ಕನ್ನಡ, ಮರಾಠಿ ಮೂರರ ನಡುವೆ ಬೆಳೆಯುತ್ತಾರೆ. ಮೂರೂ ಭಾಷೆಯ ಪುಸ್ತಕಗಳನ್ನು ಒಂದೇ ಶಾಲೆ ತರಿಸುವುದು ಕಷ್ಟ. ಅಥಣಿಯಲ್ಲಿ ಧೂಳು ತಿನ್ನುವ ಉರ್ದು ಪುಸ್ತಕಕ್ಕೆ ನಿಪ್ಪಾಣಿಯಲ್ಲಿ ಓದುಗನಿರಬಹುದು. ಕಾಗವಾಡದ ಹುಡುಗಿ ಹುಡುಕುತ್ತಿರುವ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಚಿಕ್ಕೋಡಿಯ ಕಪಾಟಿನಲ್ಲಿರಬಹುದು. ಐದೂ ತಾಲೂಕುಗಳ ಶಾಲೆಗಳು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು ತಮ್ಮ ಪುಸ್ತಕಗಳ ಪಟ್ಟಿ ಬರೆದು ಹಂಚಿಕೊಂಡರೆ ಸಾಕು. ಅದಕ್ಕೆ ಹಣ ಬೇಡ, ಒಂದು ನೋಟ್‌ಬುಕ್ ಮತ್ತು ಪರಸ್ಪರ ವಿಶ್ವಾಸ ಬೇಕು. ನನ್ನ ಕಪಾಟಿನ ಪಟ್ಟಿ ಸಿದ್ಧವಾಗಿದೆ, ಬೀಗವನ್ನೂ ತೆಗೆದಿದ್ದೇನೆ. ಮಕ್ಕಳು ಒಯ್ದ ಪುಸ್ತಕಗಳಲ್ಲಿ ಎರಡು ಮರಳಿ ಬಂದಿಲ್ಲ. ಎಲ್ಲೋ ಯಾರೋ ಓದುತ್ತಿದ್ದಾರೆ ಎಂದುಕೊಂಡಿದ್ದೇನೆ. ನಿಮ್ಮ ಪಟ್ಟಿ ಯಾವಾಗ?