ಮಹಮೂದ ಗವಾನ

ಬೀದರ ನಗರದ ಹಳೆಯ ಬೀದಿಯಲ್ಲಿ ನಡೆಯುವವರನ್ನು ಬಣ್ಣದ ಹೆಂಚುಗಳ ಎತ್ತರವಾದ ಮಿನಾರೊಂದು ತಡೆದು ನಿಲ್ಲಿಸುತ್ತದೆ. ಅದರ ಹಿಂದೆ ಅರ್ಧ ಕುಸಿದ ಮೂರಂತಸ್ತಿನ ಕಟ್ಟಡವಿದೆ. ಅದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿದ್ದ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ರಾಜ್ಯಭಾರದಿಂದ ಬಳಲಿದ ಅವನ ಮನಸ್ಸು ವಿಶ್ರಾಂತಿಯನ್ನು ಅರಸಿ ಬರುತ್ತಿದ್ದುದು ಇಲ್ಲಿಗೇ.

ಗವಾನನು ಪರ್ಷಿಯಾದ ಗೀಲಾನ್ ಪ್ರಾಂತದಲ್ಲಿ 1411ರಲ್ಲಿ ಜನಿಸಿದನು. 1453ರಲ್ಲಿ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದನು. ವ್ಯಾಪಾರದೊಡನೆ ಸಾಧುಸಂತರ ದರ್ಶನವೂ ಅವನ ಹಂಬಲವಾಗಿತ್ತು. ಸುಲ್ತಾನ ಎರಡನೆಯ ಅಲಾವುದ್ದೀನನು ಅವನ ಪಾಂಡಿತ್ಯಕ್ಕೆ ಮೆಚ್ಚಿ ಆಸ್ಥಾನದಲ್ಲಿ ಉಳಿಸಿಕೊಂಡನು. ಅಂದಿನಿಂದ ಅವನ ಜೀವಿತವೆಲ್ಲ ರಾಜ್ಯಸೇವೆಗೆ ಮೀಸಲಾಯಿತು.

ಮೂರನೆಯ ಮಹಮ್ಮದ ಶಾಹನ ಕಾಲದಲ್ಲಿ ಆಡಳಿತದ ಹೊಣೆಯೆಲ್ಲ ಗವಾನನ ಹೆಗಲೇರಿತು. ಅವನು ಗೋವೆಯನ್ನು ಗೆದ್ದನು; ಭೂಮಿಯನ್ನು ಅಳತೆ ಮಾಡಿಸಿದನು; ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಪ್ರಾಂತಾಧಿಕಾರಿಗಳ ಬಲವನ್ನು ತಗ್ಗಿಸಿದನು. ಇಷ್ಟು ಕಾರ್ಯಭಾರವಿದ್ದವನಿಗೆ ದೇವರ ಸ್ಮರಣೆಗೆ ಬಿಡುವೆಲ್ಲಿಯದು? ಬಿಡುವು ತಾನಾಗಿ ಒದಗಲಿಲ್ಲ. ಅದನ್ನು ಅವನೇ ಮಾಡಿಕೊಂಡನು. ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಅನ್ನವನ್ನು ಉಂಡು, ತನ್ನ ಊಟದ ವೆಚ್ಚವನ್ನು ವ್ಯಾಪಾರದ ಲಾಭದಿಂದಲೇ ನಡೆಸುತ್ತಿದ್ದನೆಂದು ಇತಿಹಾಸಕಾರರು ಬರೆದಿದ್ದಾರೆ. ಬಯಕೆಗಳು ಕಡಿಮೆಯಾದಷ್ಟೂ ಅವನ ವೇಳೆ ಉಳಿಯಿತು. ಆ ವೇಳೆಯನ್ನು ವಿದ್ಯಾಲಯದ ಮಸೀದಿಯಲ್ಲಿ ಪ್ರಾರ್ಥನೆಗೂ, ಮೂರು ಸಾವಿರ ಗ್ರಂಥಗಳಿದ್ದ ಭಂಡಾರದಲ್ಲಿ ವಿದ್ವಾಂಸರ ಸಹವಾಸಕ್ಕೂ ಮುಡಿಪಾಗಿಟ್ಟನು. ಶುಕ್ರವಾರದ ರಾತ್ರಿಗಳಲ್ಲಿ ವೇಷ ಮರೆಸಿಕೊಂಡು ಕೇರಿ ಕೇರಿಗಳಲ್ಲಿ ಸಂಚರಿಸಿ ಬಡವರಿಗೆ ದಾನ ಮಾಡುತ್ತಿದ್ದನು. ಅದೂ ಅವನ ಪಾಲಿಗೆ ಪೂಜೆಯೇ ಆಗಿತ್ತು.

ಅವನ ಏಳಿಗೆಯನ್ನು ಸಹಿಸದ ಸರದಾರರು ಮುದ್ರಾಧಿಕಾರಿಗೆ ಆಮಿಷವೊಡ್ಡಿ, ಬರಿಯ ಕಾಗದದ ಮೇಲೆ ಗವಾನನ ಮುದ್ರೆಯನ್ನು ಒತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಕಳ್ಳಪತ್ರವೊಂದು ಅದರಲ್ಲಿ ಸಿದ್ಧವಾಯಿತು. 1481ರಲ್ಲಿ ಕೊಂಡಪಲ್ಲಿಯ ಪಾಳೆಯದಲ್ಲಿ ಸುಲ್ತಾನನು ಅವನನ್ನು ಕರೆಸಿದನು. ಹೋಗಬೇಡವೆಂದು ಮಿತ್ರರು ಅಂಗಲಾಚಿದರೂ ಗವಾನನು ಅಂಜದೆ ಹೋದನು. ಮುದ್ರೆ ತನ್ನದೇ, ಪತ್ರ ತನ್ನದಲ್ಲವೆಂದು ತಿಳಿಸಿದನು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಿಸದೆ ಮರಣದಂಡನೆ ವಿಧಿಸಿದನು. ವೃದ್ಧ ಮಂತ್ರಿಯು ಮೆಕ್ಕಾದ ಕಡೆಗೆ ಮುಖಮಾಡಿ ಮೊಣಕಾಲೂರಿ, ದೇವರ ನಾಮವನ್ನು ಉಚ್ಚರಿಸುತ್ತ ಕತ್ತಿಗೆ ತಲೆಯೊಡ್ಡಿದನು.

ಮಂತ್ರಿಯ ಭಂಡಾರವನ್ನು ಶೋಧಿಸಿದವರಿಗೆ ಅಪಾರ ಸಂಪತ್ತು ದೊರೆಯಲಿಲ್ಲ. ಸತ್ಯವನ್ನರಿತ ಸುಲ್ತಾನನು ಪಶ್ಚಾತ್ತಾಪದಿಂದ ಬೆಂದು ಮರುವರ್ಷವೇ ತೀರಿಕೊಂಡನು. ರಾಜ್ಯವೂ ಕ್ರಮೇಣ ಒಡೆದು ಐದು ಹೋಳಾಯಿತು.

ಗವಾನನ ಸಮಾಧಿಯು ಬೀದರಿನ ಸಮೀಪದಲ್ಲಿದೆ. ಕೊನೆಯ ಗಳಿಗೆಯಲ್ಲಿ ಅವನನ್ನು ಕಾಯ್ದ ಶಾಂತಿಯು ಆ ಗಳಿಗೆಯಲ್ಲಿ ಹುಟ್ಟಿದುದಲ್ಲ. ದುಡಿಮೆಯ ನಡುವೆ ದಿನದಿನವೂ ಬಿಡುವು ಮಾಡಿಕೊಂಡು ಅವನು ಕೂಡಿಟ್ಟ ನಿಜವಾದ ಭಂಡಾರವದು.