ಹಯವದನನ ಹಾಡುಗಾರ

ನಮ್ಮೂರು ಯಲ್ಲಾಪುರ ತಾಲೂಕಿನ ಇಡಗುಂದಿ. ಅಲ್ಲಿಂದ ಶಿರಸಿ ಕಡೆ ಹೋದರೆ ಸೋದೆ ಸಿಗತ್ತೆ. ಎಷ್ಟೋ ಸಲ ಹೋಗಿ, ಕೈಮುಗಿದು, ಊಟ ಮಾಡಿ ಬಂದಿದ್ದೇವೆ. ಅಲ್ಲಿ ವೃಂದಾವನದಲ್ಲಿರುವ ವಾದಿರಾಜರು ದೊಡ್ಡ ವಾಗ್ಗೇಯಕಾರರು ಅಂತ ಮಾತ್ರ ನಮಗೆ ಗೊತ್ತಿರಲಿಲ್ಲ.

ಕುಂದಾಪುರದ ಹತ್ತಿರದ ಹೂವಿನಕೆರೆ ಅವರ ಹುಟ್ಟೂರು. ಸಂಪ್ರದಾಯದ ಲೆಕ್ಕದಲ್ಲಿ ಹುಟ್ಟಿದ್ದು 1480ರಲ್ಲಿ, ವೃಂದಾವನ ಪ್ರವೇಶ 1600ರಲ್ಲಿ. ಚಿಕ್ಕ ವಯಸ್ಸಿಗೇ ಸನ್ಯಾಸ. ದೇಶ ಸುತ್ತಿ, ಕಂಡ ಕ್ಷೇತ್ರಗಳ ಬಗ್ಗೆ ಸಂಸ್ಕೃತದಲ್ಲಿ 'ತೀರ್ಥಪ್ರಬಂಧ' ಬರೆದರು. ಉಡುಪಿಯ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಏರಿಸಿದ್ದೂ ಅವರೇ. ಎಂಟು ಮಠ ಅಂದರೆ 16 ವರ್ಷಕ್ಕೊಂದು ಸುತ್ತು. ಇವತ್ತಿಗೂ ಅದೇ ಲೆಕ್ಕ. ಕೊನೆಗೆ ನೆಲೆ ನಿಂತಿದ್ದು ನಮ್ಮ ಸೋದೆಯಲ್ಲಿ.

ಇಷ್ಟು ಸಂಸ್ಕೃತ ಬಲ್ಲವರು 'ಹಯವದನ' ಅಂಕಿತದಲ್ಲಿ ಕನ್ನಡ ಹಾಡು ಕಟ್ಟಿದರು. ಸಂಸ್ಕೃತ ಕಲಿಯೋ ಅವಕಾಶವೇ ಇಲ್ಲದ ಹೆಂಗಸರ ಬಾಯಿಗೂ ಆ ಹಾಡು ಬಂತು. ಮದುವೆ ಮನೆಗಳಲ್ಲಿ ಹಾಡುವ 'ಲಕ್ಷ್ಮೀ ಶೋಭಾನೆ' ಅವರದೇ; ನೂರಕ್ಕೂ ಹೆಚ್ಚು ನುಡಿಗಳಿವೆ. ದಾಸರ ಹಾಡುಗಳ ಮೂಲ ಮಟ್ಟುಗಳು ಬಹುಪಾಲು ಉಳಿದಿಲ್ಲ. ಮಾತು ಉಳಿದಿದ್ದು ಹಾಡುವವರಿಂದ.

ಕಳೆದ ರಜೆಯಲ್ಲಿ ಪುಸ್ತಕ ಹಿಡಿದು ಅದನ್ನು ಓದಲು ಕೂತೆವು. ಇಂಗ್ಲಿಷ್ ಮೀಡಿಯಂನವರು ನಾವು, ಎರಡನೇ ನುಡಿಗೇ ತಡವರಿಸಿದೆವು. ಒಳಗೆ ಅಕ್ಕಿ ಆರಿಸ್ತಾ ಇದ್ದ ನಮ್ಮ ಅಮ್ಮಮ್ಮ ಪುಸ್ತಕ ನೋಡದೇ ಮುಂದಿನ ನುಡಿ ಎತ್ತಿಕೊಂಡರು. ಅವರ ನಂತರ ಯಾರು ಹಾಡ್ತಾರೆ? ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೇವೆ. ಹಾಸ್ಟೆಲ್ಲಿನಲ್ಲಿ ದಿನಕ್ಕೆ ಎರಡೇ ನುಡಿ ಕಲೀತಾ ಇದ್ದೇವೆ.