ಊಬಿನ ಹುಲ್ಲಿನ ಮರ್ಮವರಿತ ಹೆನ್ರಿ ಕೇಟರ್

ಮಳೆಗಾಲ ಕಳೆದು ಸಾಯಗಾಂವ, ಭಾಲ್ಕಿ ಕಡೆಯ ಬೀಳುನೆಲಗಳು ಒಣಗತೊಡಗಿದಾಗ, ಹುಲ್ಲಿನ ಚೂಪಾದ ಊಬು ದಾರಿಹೋಕರ ಧೋತರಕ್ಕೂ ಕುರಿಗಳ ಉಣ್ಣೆಗೂ ನಾಟಿಕೊಳ್ಳುತ್ತದೆ. ಜನರು ಅದನ್ನು ಕಿತ್ತೆಸೆದು ಮುಂದೆ ಸಾಗುವರು. ಅಂತಹ ಊಬನ್ನು ಕೈಗೆತ್ತಿಕೊಂಡು, ಗಾಳಿಯ ತೇವವನ್ನು ಅಳೆಯುವ ಶಕ್ತಿ ಅದರಲ್ಲಿ ಅಡಗಿರುವುದನ್ನು ಕಂಡವನು ಹೆನ್ರಿ ಕೇಟರ್.

ಕೇಟರನು 1777ನೆಯ ಏಪ್ರಿಲ್ 16ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದನು. 1794ರಲ್ಲಿ ತಂದೆ ಕಾಲವಾದ ಮೇಲೆ ನ್ಯಾಯಶಾಸ್ತ್ರದ ವ್ಯಾಸಂಗವನ್ನು ತೊರೆದು ಸೈನ್ಯವನ್ನು ಸೇರಿ ಭಾರತಕ್ಕೆ ಬಂದನು. ಇಲ್ಲಿ ವಿಲಿಯಂ ಲ್ಯಾಂಬ್ಟನ್ನನ ತ್ರಿಕೋನಮಿತೀಯ ಮೋಜಣಿಯಲ್ಲಿ ಸಹಾಯಕನಾದನು. ದೂರದ ಬೆಟ್ಟದ ನೆತ್ತಿಯಿಂದ ಬರುವ ಬೆಳಕು ಗಾಳಿಯಲ್ಲಿ ಬಾಗುವುದರಿಂದ, ಗಾಳಿಯ ಸ್ಥಿತಿಯನ್ನರಿಯದೆ ಎತ್ತರವನ್ನು ಸರಿಯಾಗಿ ಗಣಿಸಲಾಗದು. ಮೋಜಣಿಯವರಿಗೆ ಒದಗಿದ್ದ ತೊಡಕು ಇದೇ.

ಊಬು ಒಣಗಿದಾಗ ಹುರಿಗೊಳ್ಳುತ್ತದೆ. ತೇವ ತಾಗಿದೊಡನೆ ಹುರಿ ಬಿಚ್ಚುತ್ತದೆ. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸಿನ ಎಳೆಗಳು ಸುರುಳಿಯಾಗಿ ಹೆಣೆದುಕೊಂಡಿರುವುದೇ ಇದಕ್ಕೆ ಕಾರಣ. ಬೀಜವನ್ನು ಮಣ್ಣಿನೊಳಕ್ಕೆ ಕೊರೆದು ಇಳಿಸಲೆಂದು ಪ್ರಕೃತಿಯು ಮಾಡಿರುವ ಏರ್ಪಾಡಿದು. ಆ ತಿರುಗುವಿಕೆಗೆ ಸೂಚಿಯನ್ನು ಜೋಡಿಸಿ ಕೇಟರನು ಆರ್ದ್ರತಾಮಾಪಕವನ್ನು ರಚಿಸಿದನು. ಅದರ ವಿವರಣೆಯು 1807ರಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ನ ಒಂಬತ್ತನೆಯ ಸಂಪುಟದಲ್ಲಿ ಬೆಳಕು ಕಂಡಿತು. ಊಬಿನ ಹುಲ್ಲು ಎಂಬ ಕನ್ನಡದ ಹೆಸರನ್ನೇ ಅವನು ಅಲ್ಲಿ ನಮೂದಿಸಿದನು. ಆ ಹೆಸರನ್ನು ನಾಡಿನವರ ಬಾಯಿಂದಲೇ ಕೇಳಿ ತಿಳಿದಿರಬೇಕು.

ಆದರೆ ದೇಹಾರೋಗ್ಯವು ಕುಂದಿದ್ದರಿಂದ 1808ರಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು. ಮೋಜಣಿಯು ಮುಂದುವರಿದು, 1815ರಲ್ಲಿ ಲ್ಯಾಂಬ್ಟನ್ನನು ಬೀದರಿನ ಬಳಿ ಆಧಾರರೇಖೆಯನ್ನು ಅಳೆದಾಗ ಕೇಟರನು ಜೊತೆಯಲ್ಲಿರಲಿಲ್ಲ. ಆದರೂ ಅವನ ಸಾಧನೆ ನಿಲ್ಲಲಿಲ್ಲ. ಎರಡೂ ತುದಿಗಳಿಂದ ತೂಗಬಹುದಾದ ಲೋಲಕವನ್ನು ನಿರ್ಮಿಸಿ, ಗುರುತ್ವಾಕರ್ಷಣೆಯನ್ನು ನಿಖರವಾಗಿ ಅಳೆದನು. 1817ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕವು ಲಭಿಸಿತು. 1835ನೆಯ ಏಪ್ರಿಲ್ 26ರಂದು ಲಂಡನ್ನಿನಲ್ಲಿ ನಿಧನ ಹೊಂದಿದನು.

ಊಬಿನ ಮಾಪಕಕ್ಕೆ ಕೊರತೆಯೂ ಉಂಟು. ಸಸ್ಯದ ನಾರು ಕಾಲಕ್ರಮದಲ್ಲಿ ಸವೆಯುವುದರಿಂದ ಅದನ್ನು ಮತ್ತೆ ಮತ್ತೆ ಪರೀಕ್ಷಿಸಿ ಸರಿಪಡಿಸಬೇಕಾಗುತ್ತದೆ. ಆದರೆ ಮಣ್ಣಿನಲ್ಲಿ ಹುಟ್ಟಿದ್ದು ಮಣ್ಣಿಗೇ ಸೇರುವುದೆಂಬ ಗುಣವೂ ಅದಕ್ಕಿದೆ. ಆ ಗುಣವನ್ನರಸಿಯೇ ಇಂದಿನ ವಿಜ್ಞಾನಿಗಳು ಸೆಲ್ಯುಲೋಸಿನಿಂದ, ಕಾಗದದಿಂದ ಆರ್ದ್ರತಾ ಸಂವೇದಕಗಳನ್ನು ರೂಪಿಸಲು ಶ್ರಮಿಸುತ್ತಿದ್ದಾರೆ. ಧೋತರಕ್ಕೆ ನಾಟಿದ ಊಬನ್ನು ಕಿತ್ತೆಸೆಯುವ ಮುನ್ನ ವಿದ್ಯಾರ್ಥಿಯು ಅದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಲಿ. ಕೇಟರನು ಕಂಡ ಸೋಜಿಗವು ಅವನ ಅಂಗೈಯಲ್ಲಿಯೇ ತಿರುಗುವುದು.